ರಕ್ತದೊತ್ತಡ: ಮಾತ್ರೆಯ ಜೊತೆ ಉಪ್ಪಿನ ಲೆಕ್ಕವೂ ಇರಲಿ

ಬೆಂಗಳೂರು: 2025ರ ಜುಲೈ ತಿಂಗಳಲ್ಲಿ ಬನ್ನೇರುಘಟ್ಟ ರಸ್ತೆಯ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯ ಹೊರರೋಗಿ ವಿಭಾಗಕ್ಕೆ ವಾಡಿಕೆಗಿಂತ ಹೆಚ್ಚು ಜನ ಬಂದರು. ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ರಾಜ್ಯದಾದ್ಯಂತ ಹರಡಿ, ಯಾವ ತೊಂದರೆಯೂ ಇಲ್ಲದವರು ಸಹ ಇಸಿಜಿ ಮಾಡಿಸಿಕೊಳ್ಳಲು ಸಾಲಿನಲ್ಲಿ ನಿಂತರು. ಸರ್ಕಾರವು ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ರಚಿಸಿತು. ಸಾವಿನ ಸಂಖ್ಯೆಯಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದ ಸಮಿತಿ, ಬೊಟ್ಟು ಮಾಡಿದ್ದು ಹಳೆಯ ವೈರಿಗಳತ್ತಲೇ: ಅಧಿಕ ರಕ್ತದೊತ್ತಡ, ಮಧುಮೇಹ, ಧೂಮಪಾನ, ಮದ್ಯಪಾನ.

ಇಸಿಜಿಗಾಗಿ ಅರ್ಧ ದಿನ ಕಾದವರ ಪೈಕಿ ಎಷ್ಟು ಜನ ಎರಡು ನಿಮಿಷದ ರಕ್ತದೊತ್ತಡ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಿಕೊಳ್ಳುತ್ತಾರೆ ಎಂಬುದು ಕೇಳಬೇಕಾದ ಪ್ರಶ್ನೆ. ಇಸಿಜಿ ಸರಿಯಾಗಿದ್ದ ಮಾತ್ರಕ್ಕೆ ಒತ್ತಡ ಸರಿಯಾಗಿದೆ ಎಂದು ಅರ್ಥವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ 1.13 ಲಕ್ಷ ವಯಸ್ಕರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಶೇ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ನಗರವಾಸಿಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ತಲೆನೋವು, ತಲೆಸುತ್ತು ಬಂದರೆ ಮಾತ್ರ ‘ಬಿಪಿ ಏರಿದೆ’ ಎಂದುಕೊಳ್ಳುವವರೇ ಅಧಿಕ. ಬಹುತೇಕರಲ್ಲಿ ಈ ಕಾಯಿಲೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ರಕ್ತನಾಳ, ಮೂತ್ರಪಿಂಡ, ಮಿದುಳು, ಕಣ್ಣುಗಳನ್ನು ಹಾಳುಮಾಡುತ್ತದೆ.

ಎಷ್ಟಿದ್ದರೆ ಹೆಚ್ಚು?

ಈ ವಿಷಯದಲ್ಲಿ ಓದುಗರಿಗೆ ಗೊಂದಲವಾಗುವುದು ಸಹಜ. ಭಾರತದಲ್ಲಿ ವೈದ್ಯರು ಸಾಮಾನ್ಯವಾಗಿ 140/90 ಮಿ.ಮೀ. ದಾಟಿದರೆ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳು 2017ರಲ್ಲಿ ಈ ಗಡಿಯನ್ನು 130/80ಕ್ಕೆ ಇಳಿಸಿದವು. ಎರಡಕ್ಕೂ ಅರ್ಥವಿದೆ. 130ರಿಂದ 139ರ ನಡುವೆ ಇರುವವರು ಎಚ್ಚರಿಕೆಯ ಗಂಟೆ ಕೇಳಿಸಿಕೊಂಡವರು. ಮಧುಮೇಹ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇಲ್ಲದಿದ್ದಲ್ಲಿ ಇಂಥವರು ಮೂರರಿಂದ ಆರು ತಿಂಗಳ ಕಾಲ ಜೀವನಶೈಲಿಯನ್ನು ತಿದ್ದಿಕೊಂಡು ನೋಡಲು ಅವಕಾಶವಿದೆ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜೀವನಶೈಲಿಯ ಜೊತೆಗೆ ಔಷಧಿಯನ್ನೂ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ.

ಆದರೆ ಅಳತೆಯೇ ತಪ್ಪಾಗಿದ್ದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬಂದ ಕೂಡಲೇ ತೋಳು ಚಾಚುವುದು, ಪಟ್ಟಿ ಬಿಗಿದಿರುವಾಗ ಮಾತನಾಡುವುದು, ಕಾಲಿನ ಮೇಲೆ ಕಾಲು ಹಾಕಿ ಕೂರುವುದು, ಮೂತ್ರ ತಡೆದುಕೊಂಡಿರುವುದು - ಇವೆಲ್ಲವೂ ಅಂಕಿಯನ್ನು ಮೇಲಕ್ಕೇರಿಸುತ್ತವೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಅಷ್ಟೇ. ಕಾಫಿ ಕುಡಿದು ಅಥವಾ ಸಿಗರೇಟು ಸೇದಿ ಅರ್ಧ ಗಂಟೆಯಾದರೂ ಕಳೆದಿರಬೇಕು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಿಸಿ ಎರಡು ಬಾರಿ ಅಳೆಯುವುದು ಸರಿಯಾದ ಕ್ರಮ. ವೈದ್ಯರನ್ನು ಕಂಡೊಡನೆ ಒತ್ತಡ ಏರುವವರೂ ಇದ್ದಾರೆ. ಅವರು ಮನೆಯಲ್ಲಿ ಬೆಳಿಗ್ಗೆ ಸಂಜೆ ಒಂದು ವಾರ ಅಳೆದು ಬರೆದಿಟ್ಟ ಪಟ್ಟಿ ವೈದ್ಯರಿಗೆ ಬಹಳ ಉಪಯುಕ್ತ.

ಒಂದು ಕಿಲೋ ಉಪ್ಪು ಎಷ್ಟು ದಿನ?

ದಿನಕ್ಕೆ ಒಬ್ಬ ವಯಸ್ಕನಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಮಟ್ಟಸವಾದ ಒಂದು ಚಹಾ ಚಮಚ. ಭಾರತೀಯರು ಸರಾಸರಿ 8ರಿಂದ 11 ಗ್ರಾಂ ತಿನ್ನುತ್ತಾರೆಂದು ವಿವಿಧ ಸಮೀಕ್ಷೆಗಳು ಹೇಳುತ್ತವೆ. ಅಡುಗೆ ಮಾಡುವವರು ಗ್ರಾಂ ತೂಗುವುದಿಲ್ಲವಾದ್ದರಿಂದ ಇದನ್ನು ಮನೆಯಲ್ಲಿ ಕಂಡುಕೊಳ್ಳುವ ಸುಲಭ ಉಪಾಯವೊಂದಿದೆ. ಉಪ್ಪಿನ ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವುದು. ನಾಲ್ವರಿರುವ ಮನೆಯಲ್ಲಿ ಒಂದು ಕಿಲೋ ಉಪ್ಪು 50 ದಿನ ಬರಬೇಕು. ತಿಂಗಳಿಗೇ ಖಾಲಿಯಾದರೆ ಒಬ್ಬೊಬ್ಬರ ಪಾಲಿಗೆ ಎಂಟು ಗ್ರಾಂ ದಾಟಿದಂತಾಯಿತು. ಹೋಟೆಲಿನ ಊಟ, ಬೇಕರಿ ತಿನಿಸು, ಅಂಗಡಿಯ ಉಪ್ಪಿನಕಾಯಿಗಳ ಉಪ್ಪು ಈ ಲೆಕ್ಕದೊಳಗೆ ಬಂದೇ ಇಲ್ಲ.

ದಕ್ಷಿಣ ಬೆಂಗಳೂರಿನಲ್ಲಿ ಆ ಹೊರಗಿನ ಪಾಲು ಚಿಕ್ಕದಲ್ಲ. 1983ರಲ್ಲಿ ಜಯನಗರದಲ್ಲಿ ಆರಂಭವಾದ ‘ಕೆಫೆ ದರ್ಶಿನಿ’ ನಿಂತು ತಿನ್ನುವ ಪದ್ಧತಿಯನ್ನು ಊರಿಗೆಲ್ಲ ಹಬ್ಬಿಸಿತು. ಇಂದು ಇಲ್ಲಿನ ಪ್ರತಿ ಅಡ್ಡರಸ್ತೆಯ ಆಸುಪಾಸಿನಲ್ಲೂ ದರ್ಶಿನಿ ಇದೆ. ಇಡ್ಲಿಯ ಹಿಟ್ಟಿಗೆ ಉಪ್ಪು, ಚಟ್ನಿಗೆ ಉಪ್ಪು, ಸಾಂಬಾರಿಗೆ ಉಪ್ಪು. ಅದರ ಮೇಲೆ ಇನ್ನೊಂದು ಬಟ್ಟಲು ಸಾಂಬಾರು. ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತು, ಕಾಂಗ್ರೆಸ್ ಕಡಲೆಕಾಯಿ, ವಿ.ವಿ. ಪುರದ ತಿಂಡಿ ಬೀದಿಯ ತಿನಿಸು, ಬಿಟಿಎಂ ಬಡಾವಣೆಯ ಗಾಡಿಗಳಲ್ಲಿ ಸೋಯಾ ಸಾಸ್ ಸುರಿದು ಮಾಡುವ ಗೋಬಿ ಮಂಚೂರಿ, ಪಿ.ಜಿ.ಗಳಲ್ಲಿ ತಡರಾತ್ರಿಯ ನೂಡಲ್ಸ್ - ಎಲ್ಲದರಲ್ಲೂ ಸೋಡಿಯಂ ಇದೆ. ನಾಲಿಗೆಗೆ ಉಪ್ಪೆನಿಸದ ಸೋಡಿಯಂ ಕೂಡ ಉಂಟು. ಹಪ್ಪಳಕ್ಕೂ ಬೇಕರಿ ಪದಾರ್ಥಗಳಿಗೂ ಬೀಳುವ ಅಡುಗೆ ಸೋಡಾ ಅಂಥದ್ದು.

ಮೂತ್ರಪಿಂಡಗಳು ಹೆಚ್ಚಾದ ಸೋಡಿಯಮ್ಮನ್ನು ಹೊರಹಾಕಲಾರದೆ ಹೋದಾಗ ದೇಹವು ಅದರೊಂದಿಗೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಕ್ತದ ಪ್ರಮಾಣ ಹೆಚ್ಚಿ ನಾಳಗಳ ಗೋಡೆಗಳ ಮೇಲೆ ಒತ್ತಡ ಬೀಳುತ್ತದೆ. ವಯಸ್ಸಾದಂತೆ ನಾಳಗಳು ಪೆಡಸಾಗುವುದರಿಂದ ಇದೇ ಉಪ್ಪು ಅರವತ್ತರ ನಂತರ ಹೆಚ್ಚು ತೊಂದರೆ ಕೊಡುತ್ತದೆ. ‘ಇಷ್ಟು ವರ್ಷ ತಿಂದಿಲ್ಲವೇ’ ಎಂಬ ಹಿರಿಯರ ವಾದಕ್ಕೆ ಇದೇ ಉತ್ತರ. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ಒಮ್ಮೆಗೇ ಸಪ್ಪೆ ಮಾಡಿ ಮನೆಯವರ ಕೋಪಕ್ಕೆ ಗುರಿಯಾಗುವ ಬದಲು ಹಂತಹಂತವಾಗಿ ತಗ್ಗಿಸುವುದು ಮೇಲು. ನಿಂಬೆ, ಹುಣಸೆ, ಮೆಣಸು, ಜೀರಿಗೆ, ಇಂಗಿನ ಒಗ್ಗರಣೆ ಸಪ್ಪೆತನವನ್ನು ಸಾಕಷ್ಟು ಮರೆಸುತ್ತವೆ. ಮಜ್ಜಿಗೆ ಅನ್ನಕ್ಕೆ ಮತ್ತೆ ಉಪ್ಪು ಹಾಕಿ, ಉಪ್ಪಿನಕಾಯಿ ನೆಂಚಿಕೊಳ್ಳುವ ಅಭ್ಯಾಸವನ್ನು ಬಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಸೈಂಧವ ಲವಣಕ್ಕೆ ಬದಲಾಯಿಸಿದರೆ ಸಾಕೆಂಬ ನಂಬಿಕೆ ಇತ್ತೀಚೆಗೆ ಬಲವಾಗಿದೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಸಾಲದ್ದಕ್ಕೆ ಅಯೋಡಿನ್ ಬೆರೆಸಿದ ಉಪ್ಪಿನ ಲಾಭವೂ ತಪ್ಪುತ್ತದೆ. ಪುರಾವೆ ಇರುವುದು ಪೊಟ್ಯಾಸಿಯಂ ಬೆರೆಸಿದ, ಸೋಡಿಯಂ ಕಡಿಮೆ ಇರುವ ಉಪ್ಪಿಗೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ಕಾಯಿಲೆ ಇರುವವರು, ಟೆಲ್ಮಿಸಾರ್ಟನ್‌ನಂಥ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಬಳಸಕೂಡದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಮೂತ್ರಪಿಂಡದ ರೋಗಿಗಳು ದಿನವೂ ಎಳನೀರು ಕುಡಿಯುವುದಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ತಟ್ಟೆ, ತೂಕ, ನಡಿಗೆ

ಹಣ್ಣು, ತರಕಾರಿ, ಇಡೀ ಧಾನ್ಯ, ಕೊಬ್ಬು ಕಡಿಮೆ ಇರುವ ಹಾಲಿನ ಪದಾರ್ಥಗಳನ್ನು ಒಳಗೊಂಡ ‘ಡ್ಯಾಶ್’ ಎಂಬ ಆಹಾರಕ್ರಮದ ಕುರಿತು ಅಮೆರಿಕದಲ್ಲಿ ನಡೆದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಅಧಿಕ ರಕ್ತದೊತ್ತಡ ಇದ್ದವರಲ್ಲಿ ಮೇಲಿನ ಅಂಕಿ ಸರಾಸರಿ 11 ಮಿ.ಮೀ.ನಷ್ಟು ಇಳಿದಿತ್ತು. ಅದು ಒಂದು ಮಾತ್ರೆಯ ಪರಿಣಾಮಕ್ಕೆ ಸಮ. ಹೆಸರು ವಿದೇಶಿಯಾದರೂ ಪದಾರ್ಥಗಳು ಹಾಗಲ್ಲ. ರಾಗಿ ಮುದ್ದೆ, ಸೊಪ್ಪಿನ ಸಾರು, ಕೋಸಂಬರಿ, ಮೊಳಕೆ ಕಾಳಿನ ಪಲ್ಯ, ನೀರು ಮಜ್ಜಿಗೆ, ಒಂದು ಬಾಳೆಹಣ್ಣು - ಉಪ್ಪು ಹಿಡಿತದಲ್ಲಿದ್ದರೆ ಈ ಊಟ ಅದಕ್ಕೆ ಬಹಳ ಹತ್ತಿರದ್ದು. ಪಾಲಿಶ್ ಮಾಡಿದ ಅಕ್ಕಿಯ ಗುಡ್ಡದ ಪಕ್ಕ ಒಂದು ಚಮಚ ಪಲ್ಯ ಇರುವ ತಟ್ಟೆ ಮಾತ್ರ ಹತ್ತಿರದ್ದಲ್ಲ.

ತೂಕ ಒಂದು ಕಿಲೋ ಇಳಿದರೆ ಒತ್ತಡ ಸುಮಾರು 1 ಮಿ.ಮೀ. ಇಳಿಯುತ್ತದೆಂಬುದು ಸ್ಥೂಲ ಲೆಕ್ಕ. ಭಾರತೀಯರಲ್ಲಿ ಹೊಟ್ಟೆಯ ಸುತ್ತಳತೆ ಮುಖ್ಯ: ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ಒಳಗಿರಬೇಕು.

ವಾರಕ್ಕೆ 150 ನಿಮಿಷದ ಬಿರುಸು ನಡಿಗೆಗೆ ಈ ಭಾಗದಲ್ಲಿ ಸ್ಥಳದ ಕೊರತೆಯಿಲ್ಲ. ಲಾಲ್‌ಬಾಗ್, ಜೆ.ಪಿ. ನಗರದ ಕಿರು ಅರಣ್ಯ, ಪುಟ್ಟೇನಹಳ್ಳಿ ಮತ್ತು ಮಡಿವಾಳ ಕೆರೆಯಂಗಳಗಳಿವೆ. ಮುಂಜಾನೆಯ ನಡಿಗೆ ಮುಗಿಸಿದವರು ನೇರವಾಗಿ ಹತ್ತಿರದ ದರ್ಶಿನಿಗೆ ನುಗ್ಗಿ ಎರಡು ಉದ್ದಿನ ವಡೆ ತಿನ್ನುವ ದೃಶ್ಯವೂ ಇಲ್ಲಿ ಅಪರೂಪವಲ್ಲ. ಉದ್ಯಾನಕ್ಕೆ ಹೋಗಲು ಸಮಯವಿಲ್ಲವೆನ್ನುವ ಉದ್ಯೋಗಿಗಳಿಗೆ, 2025ರ ಆಗಸ್ಟ್‌ನಲ್ಲಿ ಆರಂಭವಾದ ಆರ್.ವಿ. ರಸ್ತೆ-ಬೊಮ್ಮಸಂದ್ರ ಮೆಟ್ರೊ ಮಾರ್ಗ ಒಂದು ದಾರಿ ತೋರಿಸಿದೆ. ಮನೆಯಿಂದ ನಿಲ್ದಾಣಕ್ಕೆ ಹದಿನೈದು ನಿಮಿಷ, ಮರಳುವಾಗ ಅಷ್ಟೇ ನಡೆದರೆ ವಾರದ ಲೆಕ್ಕ ಭರ್ತಿಯಾಗುತ್ತದೆ. ಪಾದಚಾರಿ ಮಾರ್ಗವೆಂಬುದು ಇದ್ದಲ್ಲಿ, ಅಷ್ಟೆ. ಯೋಗ, ಪ್ರಾಣಾಯಾಮಗಳಿಂದಲೂ ಸಾಧಾರಣ ಮಟ್ಟದ ಇಳಿಕೆ ಸಾಧ್ಯ. ನಡಿಗೆಯ ಜೊತೆಗೆ ಅವು ಸೇರಲಿ, ಬದಲಿಗೆ ಬೇಡ.

ಮದ್ಯ ಎಷ್ಟು ಕಡಿಮೆಯೋ ಅಷ್ಟು ಒಳಿತು. ಸಿಗರೇಟಿನಲ್ಲಿ ಕಡಿಮೆ ಎಂಬ ಮಾತೇ ಇಲ್ಲ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗಿ, ಹಗಲೆಲ್ಲ ತೂಕಡಿಸುವವರು ಆ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಔಷಧಿಗೂ ಜಗ್ಗದ ರಕ್ತದೊತ್ತಡಕ್ಕೆ ನಿದ್ರೆಯ ಈ ತೊಂದರೆ ಕಾರಣವಾಗಿರುವುದುಂಟು.

ಗಮನಕ್ಕೆ ಬಾರದ ಕಾರಣಗಳು

ಮಂಡಿನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಮಾತ್ರೆಗಳು ರಕ್ತದೊತ್ತಡವನ್ನು ಏರಿಸುತ್ತವೆ. ಒತ್ತಡ ಇಳಿಸುವ ಮಾತ್ರೆಯ ಕೆಲಸವನ್ನೂ ಕುಂದಿಸುತ್ತವೆ. ಕಟ್ಟಿದ ಮೂಗಿಗೆ ಕೊಡುವ ಕೆಲವು ನೆಗಡಿ ಮಾತ್ರೆಗಳೂ, ಸ್ಟೀರಾಯ್ಡ್‌ಗಳೂ ಹಾಗೆಯೇ. ಕೆಮ್ಮಿಗೆಂದು ದಿನವೂ ಬಾಯಲ್ಲಿಟ್ಟುಕೊಳ್ಳುವ ಜೇಷ್ಠಮಧು ಸಹ ದೇಹದಲ್ಲಿ ಸೋಡಿಯಮ್ಮನ್ನು ಉಳಿಸಿ ಒತ್ತಡ ಹೆಚ್ಚಿಸಬಲ್ಲದು. ಬೇರು, ನಾರು ಎಂದಾಕ್ಷಣ ನಿರಪಾಯವಲ್ಲ. ರಕ್ತದೊತ್ತಡಕ್ಕೆ ಬಳಕೆಗೆ ಬಂದ ಮೊದಲ ಪರಿಣಾಮಕಾರಿ ಔಷಧಿಗಳಲ್ಲೊಂದಾದ ರಿಸರ್ಪಿನ್ ದೊರೆತದ್ದು ನಮ್ಮದೇ ಸರ್ಪಗಂಧದ ಬೇರಿನಿಂದ. ಖಿನ್ನತೆಯಂಥ ಅಡ್ಡಪರಿಣಾಮಗಳ ಭಯದಿಂದಲೇ ಅದರ ಬಳಕೆ ಹಿಂದೆ ಸರಿಯಿತು.

ಮಾತ್ರೆ ಬಿಡಬಹುದೇ?

‘ಒಮ್ಮೆ ಶುರುಮಾಡಿದರೆ ಜೀವನಪರ್ಯಂತ ತಪ್ಪಿದ್ದಲ್ಲ’ ಎಂಬ ಭಯದಿಂದ ಮಾತ್ರೆಯನ್ನು ಮುಂದೂಡುವವರು ಅನೇಕ. ಇನ್ನೂ ಅಪಾಯದ ಗುಂಪು ಎರಡನೆಯದು: ಒತ್ತಡ 120/80ಕ್ಕೆ ಬಂದೊಡನೆ ‘ವಾಸಿಯಾಯಿತು’ ಎಂದು ನಿಲ್ಲಿಸುವವರು. ಅಂಕಿ ಇಳಿದಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದ ಎಂಬುದನ್ನು ಅವರು ಮರೆಯುತ್ತಾರೆ. ಮೇಲಿನ ಅಂಕಿಯನ್ನು 10 ಮಿ.ಮೀ. ಇಳಿಸಿದರೆ ಪಾರ್ಶ್ವವಾಯುವಿನ ಸಂಭವ ಕಾಲು ಭಾಗಕ್ಕೂ ಹೆಚ್ಚು ತಗ್ಗುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿದೆ. ಆ ಲಾಭ ಇರುವುದು ಇಳಿದ ಒತ್ತಡ ಇಳಿದೇ ಇದ್ದಾಗ. ಜೀವನಶೈಲಿ ತಿದ್ದಿಕೊಂಡು ತೂಕ ಕಳೆದುಕೊಂಡವರಿಗೆ ಮಾತ್ರೆಯ ಪ್ರಮಾಣ ಕಡಿಮೆಯಾಗುವುದುಂಟು, ಕೆಲವರಿಗೆ ನಿಂತೂ ಹೋಗಬಹುದು. ಆದರೆ ಅದನ್ನು ತೀರ್ಮಾನಿಸಬೇಕಾದವರು ಮನೆಯ ಅಳತೆಯ ಪಟ್ಟಿಯನ್ನು ನೋಡಿದ ವೈದ್ಯರು. ಎದ್ದು ನಿಂತಾಗ ತಲೆ ತಿರುಗುವ ಹಿರಿಯರಿಗೂ ಪ್ರಮಾಣ ಬದಲಿಸಬೇಕಾಗಬಹುದು.

ಪರೀಕ್ಷೆಗೆ ದೊಡ್ಡ ಆಸ್ಪತ್ರೆಯೇ ಬೇಕಿಲ್ಲ. ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಉಚಿತವಾಗಿ ಅಳೆಯುತ್ತಾರೆ, ಜನೌಷಧಿ ಮಳಿಗೆಗಳಲ್ಲಿ ಸಾಮಾನ್ಯ ಬಿಪಿ ಮಾತ್ರೆಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಮನೆಯ ಯಂತ್ರ 180/120 ದಾಟಿ ತೋರಿಸಿದರೆ ಐದು ನಿಮಿಷ ಕುಳಿತು ಮತ್ತೊಮ್ಮೆ ಅಳೆಯಬೇಕು. ಆಗಲೂ ಅಷ್ಟೇ ಇದ್ದು ಬೇರೆ ತೊಂದರೆ ಇಲ್ಲದಿದ್ದರೆ ಅಂದೇ ವೈದ್ಯರನ್ನು ಸಂಪರ್ಕಿಸಬೇಕು. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಕೈಕಾಲಿನ ಶಕ್ತಿ ಕುಂದುವುದು ಕಂಡುಬಂದರೆ ಅಂಕಿ ಎಷ್ಟೇ ಇರಲಿ, ಎರಡನೆಯ ಅಳತೆಗೂ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು.