ಹಳೆಯ ಯಮಹಾಗೆ ಮರಳಲಿ ಕಳೆದ ಕಸುವು

ಭದ್ರಾವತಿಯ ಕಾಗದನಗರದಲ್ಲಾಗಲಿ, ಸುಮಾರು 20 ಕಿ.ಮೀ. ದೂರದ ಶಿವಮೊಗ್ಗದಲ್ಲಾಗಲಿ, ಯಮಹಾ ಆರ್‌ಎಕ್ಸ್ 100 ಎಂದರೆ ಹುಡುಗರ ಕಿವಿ ನೆಟ್ಟಗಾಗುತ್ತದೆ. 1985ರಲ್ಲಿ ಭಾರತದ ರಸ್ತೆಗಿಳಿದ ಈ ಜಪಾನಿ ಬೈಕಿನ ತಯಾರಿಕೆ 1996ರಲ್ಲಿ ನಿಂತಿತು. ಅಪ್ಪ ಕೊಂಡ ಗಾಡಿಯನ್ನು ಈಗ ಮಗ ಏರುತ್ತಿದ್ದಾನೆ. ಏರಿದವನ ಮೊದಲ ಆಸೆ, ಗಾಡಿ ಇನ್ನೂ ಜೋರಾಗಿ ಓಡಬೇಕು. ಅದಕ್ಕಾಗಿ ಮಾಡಿಸುವ ಮೊದಲ ಕೆಲಸ, ಸೈಲೆನ್ಸರ್ ಬದಲಾವಣೆ. ಆದರೆ ಜೋರಾಗುವುದು ಸದ್ದು, ಓಟವಲ್ಲ!

ಕಾರಣ ಸರಳ. ಇದು ಟೂ ಸ್ಟ್ರೋಕ್ ಎಂಜಿನ್. ಸುಟ್ಟ ಹೊಗೆ ಹೊರಹೋಗುವಾಗ ಸ್ವಲ್ಪ ಹೊಸ ಪೆಟ್ರೋಲ್ ಮಿಶ್ರಣವೂ ಜೊತೆಗೆ ಜಾರುತ್ತದೆ. ಸೈಲೆನ್ಸರಿನೊಳಗಿನ ರಚನೆ ಒತ್ತಡದ ಅಲೆಯನ್ನು ಹಿಂದಕ್ಕೆ ಕಳಿಸಿ, ಆ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ಆ ರಚನೆ ಕೆಟ್ಟರೆ ಶಕ್ತಿಯೂ ಸೋರುತ್ತದೆ, ಪೆಟ್ರೋಲೂ ಸೋರುತ್ತದೆ.

ಹಾಗಾದರೆ ಕಸುವು ಹೋದದ್ದೆಲ್ಲಿ? ಹೊಸದಿದ್ದಾಗ ಈ ಎಂಜಿನ್ ಕೊಡುತ್ತಿದ್ದುದು 11 ಅಶ್ವಶಕ್ತಿ. ವರ್ಷಗಳು ಕಳೆದಂತೆ ಹೊಗೆ ಹೋಗುವ ದಾರಿಯಲ್ಲಿ ಇಂಗಾಲ ಕಟ್ಟುತ್ತದೆ, ಪಿಸ್ಟನ್ ರಿಂಗ್ ಸವೆಯುತ್ತದೆ, ಕ್ರ್ಯಾಂಕಿನ ಆಯಿಲ್ ಸೀಲ್ ಗಟ್ಟಿಯಾಗಿ ಗಾಳಿ ಸೋರುತ್ತದೆ. ಆದ್ದರಿಂದ ಮೊದಲು ಇಂಗಾಲ ತೆಗೆಸಿ, ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರ್ ಶುಚಿ ಮಾಡಿಸಿ. ಬಳಿಕ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಮಿಶ್ರಣ ಸರಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚು. ಬೆಳ್ಳಗಿದ್ದರೆ ಗಾಳಿ ಹೆಚ್ಚು. ಹಾಗೇ ಓಡಿಸಿದರೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡೀತು. ಆಯಿಲ್ ಪಂಪಿನ ಕೇಬಲ್ ಸರಿಯಾಗಿದೆಯೇ ಎಂದೂ ನೋಡಿಸಿ.

ವಿದ್ಯಾರ್ಥಿಗಳಿಗೊಂದು ಲೆಕ್ಕ. ಸಿಲಿಂಡರಿನ ವ್ಯಾಸ 50 ಮಿ.ಮೀ., ಪಿಸ್ಟನ್ ಓಟ 50 ಮಿ.ಮೀ. 3.14 × 2.5 × 2.5 × 5, ಅಂದರೆ ಸುಮಾರು 98 ಸಿಸಿ. ಬೋರ್ ಮಾಡಿಸಿ 0.25 ಮಿ.ಮೀ. ದೊಡ್ಡ ಪಿಸ್ಟನ್ ಹಾಕಿದರೆ ಹೆಚ್ಚುವುದು ಬರೀ 1 ಸಿಸಿ! ಆದರೂ ಗಾಡಿ ಚುರುಕಾಗುತ್ತದಲ್ಲ? ಅದು ಗಾತ್ರದ ಮಹಿಮೆಯಲ್ಲ. ಸೋರಿಕೆ ನಿಂತು ಒತ್ತಡ ಮರಳಿದ್ದರ ಫಲ.

ವೇಗ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು. ಈ ಬೈಕಿನದು ಹಳೆಯ ಡ್ರಮ್ ಬ್ರೇಕ್. ಆದ್ದರಿಂದ ಎಂಜಿನ್ನಿಗೆ ಕೈಹಾಕುವ ಮುನ್ನ ಬ್ರೇಕ್ ಶೂ, ಟೈರ್, ಚೈನ್ ಹೊಸದಾಗಲಿ.

ಪಾಲಕರು ಗಮನಿಸಬೇಕಾದ ಮಾತೂ ಇದೆ. ಗೇರ್ ಇರುವ ಬೈಕ್ ಓಡಿಸಲು 18 ತುಂಬಿರಬೇಕು, ಲೈಸೆನ್ಸ್ ಇರಬೇಕು. ನೋಂದಣಿಗೆ 15 ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. 2019ರ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ತಪ್ಪೆಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು.

ಮಗನಿಗೆ ಬೈಕಿನ ಹುಚ್ಚಿದ್ದರೆ ಬೈಯುವುದಕ್ಕಿಂತ ರಜೆಯಲ್ಲಿ ಒಳ್ಳೆಯ ಮೆಕ್ಯಾನಿಕ್ ಬಳಿ ಕೂರಿಸಿ. ಎಂಜಿನ್ ಬಿಚ್ಚಿ ಜೋಡಿಸಲು ಕಲಿತವನಿಗೆ ಭೌತಶಾಸ್ತ್ರದ ಪಾಠವೂ ಹಗುರವಾದೀತು.