ಹಕ್ಕಿಯ ಒಳಗಿವಿಯ ದಿಕ್ಸೂಚಿ

ಪ್ರಶ್ನೆ: ವಲಸೆ ಹಕ್ಕಿಗಳಿಗೆ ಭೂಮಿಯ ಕಾಂತಕ್ಷೇತ್ರ ಕಿವಿಯಿಂದ ತಿಳಿಯುತ್ತದೆಯೇ?
— ಓದುಗರು, ಆರ್.ಎಚ್. ಕ್ಯಾಂಪ್, ಸಿಂಧನೂರು ತಾಲ್ಲೂಕು

ಉತ್ತರ: ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ವಲಸೆ ಹಕ್ಕಿಗಳಿಗೆ ಸೂರ್ಯ, ನಕ್ಷತ್ರಗಳಂತೆ ಕಾಂತಕ್ಷೇತ್ರವೂ ದಾರಿ ತೋರುತ್ತದೆ. ಅದರಲ್ಲಿ ಕಿವಿಗೂ ಪಾತ್ರವಿರಬಹುದೆಂಬ ಸುಳಿವು ಸಿಕ್ಕಿದ್ದು ಪಾರಿವಾಳಗಳಲ್ಲಿ.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತ ನಾಳಗಳಿವೆ. ಹಕ್ಕಿ ತಲೆ ತಿರುಗಿಸಿದಾಗ, ಸೈಕಲ್ ಡೈನಮೋದಲ್ಲಿ ಆಗುವಂತೆ, ಕಾಂತಕ್ಷೇತ್ರದಿಂದಾಗಿ ಆ ದ್ರವದಲ್ಲಿ ಅತಿ ಸೂಕ್ಷ್ಮ ವಿದ್ಯುತ್ ಹುಟ್ಟಬಹುದು. 1882ರಲ್ಲೇ ಫ್ರಾನ್ಸಿನ ವಿಜ್ಞಾನಿ ಕಮೀಲ್ ವಿಗಿಯೆ ಹೀಗೆ ಊಹಿಸಿದ್ದರು. 2012ರಲ್ಲಿ ವಿಜ್ಞಾನಿಗಳಾದ ವೂ ಮತ್ತು ಡಿಕ್‌ಮನ್ ಪಾರಿವಾಳದ ಮಿದುಳಿನಲ್ಲಿ ಕಾಂತಕ್ಷೇತ್ರದ ದಿಕ್ಕು, ಬಲಗಳಿಗೆ ಸ್ಪಂದಿಸುವ ನರಕೋಶಗಳನ್ನು ಕಂಡರು. ಶಾರ್ಕ್‌ಗಳು ವಿದ್ಯುತ್ ಗ್ರಹಿಸಲು ಬಳಸುವಂಥ ಪ್ರೋಟೀನು ಪಾರಿವಾಳದ ಒಳಗಿವಿಯಲ್ಲೂ ಇದೆಯೆಂದು 2019ರಲ್ಲಿ ವಿಜ್ಞಾನಿ ಡೇವಿಡ್ ಕೀಸ್ ಅವರ ತಂಡ ತೋರಿಸಿತು. ಕಣ್ಣಿನಲ್ಲೂ ಕಾಂತಕ್ಷೇತ್ರದ ಗ್ರಹಣಶಕ್ತಿ ಇರಬಹುದೆಂಬ ವಾದಕ್ಕೂ ಬಲವಾದ ಆಧಾರಗಳಿವೆ.