ಒತ್ತಡ ಇಳಿಯುವ ಹೊತ್ತು

ಒತ್ತಡ ಎದುರಾದಾಗ ದೇಹದಲ್ಲಿ ಎರಡು ವ್ಯವಸ್ಥೆಗಳು ಒಂದರ ಹಿಂದೊಂದು ಎಚ್ಚರಗೊಳ್ಳುತ್ತವೆ. ಮೊದಲನೆಯದು ನರಗಳದ್ದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದರ ಕೆಲಸ ಶುರು. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಜೀರ್ಣಾಂಗಗಳ ಪಾಲಿನ ರಕ್ತ ಸ್ನಾಯುಗಳತ್ತ ಹೊರಳುತ್ತದೆ. ಹೋರಾಡುವುದಕ್ಕೋ ಓಡುವುದಕ್ಕೋ ಮೈ ಹೀಗೆ ಸಜ್ಜಾಗುವುದನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಎರಡನೆಯದು ಹಾರ್ಮೋನುಗಳ ಸರಪಳಿ. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ, ಅದು ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸಿದ ಮೇಲೆ ಕಾರ್ಟಿಸಾಲ್ ಹೊರಬರುತ್ತದೆ. ರಕ್ತದಲ್ಲಿ ಅದರ ಮಟ್ಟ ತುದಿ ಮುಟ್ಟುವುದು ಘಟನೆ ನಡೆದು ಸುಮಾರು 20ರಿಂದ 30 ನಿಮಿಷಗಳ ನಂತರ.

ಇಳಿಯುವ ವೇಗವೂ ಎರಡಕ್ಕೂ ಬೇರೆ. ರಕ್ತದಲ್ಲಿನ ಅಡ್ರಿನಲಿನ್ ಎರಡು ಮೂರು ನಿಮಿಷಗಳಲ್ಲಿ ಅರ್ಧಕ್ಕಿಳಿದರೆ, ಕಾರ್ಟಿಸಾಲ್ ಅರ್ಧವಾಗಲು ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು. ಜಗಳ ಮುಗಿದು ಎಷ್ಟೋ ಹೊತ್ತಾದರೂ ಮೈಮನಸ್ಸು ಹದಕ್ಕೆ ಬಾರದಿರುವುದಕ್ಕೆ ಇದೊಂದು ಕಾರಣ. ಅಷ್ಟಕ್ಕೇ ಇನ್ನೂ ಯಾಕೆ ತಲೆ ಕೆಡಿಸಿಕೊಳ್ಳುವುದು ಎಂದು ಗದರುವವರು ದೇಹದ ಈ ಗಡಿಯಾರವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಕಾರ್ಟಿಸಾಲ್ ತನ್ನ ಲಗಾಮನ್ನು ತಾನೇ ಎಳೆದುಕೊಳ್ಳುತ್ತದೆ: ಅದರ ಮಟ್ಟ ಏರಿದ್ದನ್ನು ಗುರುತಿಸಿದ ಮಿದುಳು ಸರಪಳಿಯನ್ನು ನಿಲ್ಲಿಸುತ್ತದೆ. ತೊಡಕಿರುವುದು ಮೆಲುಕು ಹಾಕುವ ಅಭ್ಯಾಸದಲ್ಲಿ. ಬೆಳಿಗ್ಗೆ ಕೇಳಿದ ಬಿರುಸು ಮಾತನ್ನು ರಾತ್ರಿ ಹಾಸಿಗೆಯಲ್ಲಿ ನೆನೆದರೂ ಎದೆಬಡಿತ, ರಕ್ತದೊತ್ತಡ ಮತ್ತೆ ಏರುತ್ತವೆ. ಹೀಗೆ ಇಳಿಯಲು ಬಿಡುವೇ ಸಿಗದೆ ದೇಹದ ಮೇಲೆ ಕೂಡುತ್ತ ಹೋಗುವ ಸವೆತವನ್ನು ವಿಜ್ಞಾನಿಗಳಾದ ಬ್ರೂಸ್ ಮೆಕ್‌ಇವನ್ ಮತ್ತು ಎಲಿಯಟ್ ಸ್ಟೆಲರ್ 1993ರಲ್ಲಿ ‘ಅಲೋಸ್ಟ್ಯಾಟಿಕ್ ಲೋಡ್’ ಎಂದು ಕರೆದರು. ನಿದ್ದೆ, ನೆನಪು, ರೋಗನಿರೋಧಕ ಶಕ್ತಿ ಎಲ್ಲವೂ ಈ ಸವೆತಕ್ಕೆ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಬಿಡುವನ್ನು ಸೋಮಾರಿತನವೆಂದು ಎಣಿಸುವುದು ತಪ್ಪು.

ಇಳಿಸುವ ಕೆಲಸದಲ್ಲಿ ಮುಖ್ಯ ಪಾತ್ರ ವೇಗಸ್ ನರದ್ದು. ಮಿದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಹರಡಿರುವ ಈ ನರ ಹೃದಯವನ್ನು ನಿಧಾನಿಸುತ್ತದೆ. ಉಸಿರು ಒಳಗೆಳೆದಾಗ ಅದರ ಹಿಡಿತ ಸಡಿಲಿ ಎದೆಬಡಿತ ತುಸು ಏರುತ್ತದೆ, ಹೊರಬಿಟ್ಟಾಗ ಹಿಡಿತ ಬಿಗಿಯಾಗಿ ತುಸು ಇಳಿಯುತ್ತದೆ. ವಯಸ್ಕರು ಸುಮ್ಮನಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು ಸುಮಾರು 6ಕ್ಕೆ ಇಳಿಸಿದರೆ ಈ ಏರಿಳಿತ ಚೆನ್ನಾಗಿ ಹಿಗ್ಗುತ್ತದೆ. ನಾಲ್ಕು ಸೆಕೆಂಡು ಒಳಗೆಳೆದು ಆರು ಸೆಕೆಂಡು ಹೊರಬಿಟ್ಟರೆ ಆ ಲೆಕ್ಕ ಸರಿಹೋಗುತ್ತದೆ. ನಡಿಗೆ, ನಿದ್ದೆ, ಆಪ್ತರೊಡನೆ ಮಾತು ಕೂಡ ನೆರವಾಗುತ್ತವೆ.

ಚೇತರಿಕೆಯಲ್ಲಿ ಕಣ್ಣಿಗೆ ಬೀಳುವ ಹಸಿರಿನ ಪಾತ್ರವನ್ನು ತೋರಿಸಿದ ಅಧ್ಯಯನವೊಂದು 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಸಂಶೋಧಕ ರೋಜರ್ ಉಲ್ರಿಚ್ ಅವರು ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿದ್ದ 46 ಮಂದಿಯ ದಾಖಲೆಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರು. ಅರ್ಧದಷ್ಟು ಜನರ ಕಿಟಕಿಯಾಚೆ ಮರಗಳಿದ್ದವು, ಉಳಿದವರ ಕಿಟಕಿಯಾಚೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸರಾಸರಿ 7.96 ದಿನಗಳಲ್ಲಿ ಮನೆಗೆ ಮರಳಿದರು, ಗೋಡೆ ಕಾಣುತ್ತಿದ್ದವರಿಗೆ 8.70 ದಿನ ಬೇಕಾಯಿತು. ಮರ ಕಂಡವರು ಪ್ರಬಲ ನೋವುನಿವಾರಕಗಳನ್ನು ಕೇಳಿದ್ದೂ ಕಡಿಮೆ. ಸಣ್ಣ ಅಧ್ಯಯನವೇ ಹೌದು, ಆದರೂ ಆಸ್ಪತ್ರೆ ಕಟ್ಟಡಗಳ ವಿನ್ಯಾಸದ ಚರ್ಚೆಯಲ್ಲಿ ಅದು ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಬಿಡುವು, ನಿದ್ದೆ, ನಡಿಗೆ ಯಾವುದರಿಂದಲೂ ವಾರಗಟ್ಟಲೆ ಇಳಿಯದ ಒತ್ತಡಕ್ಕೆ ವೈದ್ಯಕೀಯ ನೆರವು ಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಅದರ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತನಾಡಬಹುದು.